ಹಳೇ ಜೀಪಿನ ಎರಡನೇ ಲಿವರ್: ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು

ಮಾಲೂರು ತಾಲ್ಲೂಕಿನ ಲಕ್ಕೂರು ಹೋಬಳಿಯಲ್ಲಿ ಒಂದು ಗಂಟೆ ಗಾಡಿ ಓಡಿಸಿದರೆ ಸಾಕು, ನಾಲ್ಕು ಬಗೆಯ ನೆಲ ಎದುರಾಗುತ್ತದೆ. ಹೋಬಳಿ ಕೇಂದ್ರಕ್ಕೆ ಬರುವ ದಾರಿ ಟಾರು. ಊರೊಳಗೆ ಸಿಮೆಂಟ್ ರಸ್ತೆ. ಊರು ದಾಟಿ ರಾಗಿ ಹೊಲ, ನೀಲಗಿರಿ ತೋಪುಗಳ ಕಡೆ ತಿರುಗಿದರೆ ಕೆಂಪು ಮಣ್ಣಿನ ಬಂಡಿ ಜಾಡು. ಕೆರೆ ಅಂಗಳಕ್ಕೆ ಇಳಿದರೆ ಕಾಲಿಟ್ಟಲ್ಲಿ ಹೂಳುವ ಗೋಡು. ಬೇಸಿಗೆಯಲ್ಲಿ ಈ ನಾಲ್ಕೂ ಗಟ್ಟಿಯಾಗಿಯೇ ಕಾಣುತ್ತವೆ. ಒಂದು ಹದ ಮಳೆ ಬಿದ್ದರೆ ಮೊದಲೆರಡು ಹಾಗೇ ಉಳಿದು, ಕೊನೆಯೆರಡು ಸಾಬೂನಿನಂತೆ ಜಾರತೊಡಗುತ್ತವೆ.

ಇಂಥ ನೆಲಕ್ಕೆಂದೇ ಹುಟ್ಟಿದ ಗಾಡಿಗಳು ಹಳೇ ಮಹೀಂದ್ರ ಜೀಪು ಮತ್ತು ಮಾರುತಿ ಜಿಪ್ಸಿ. ಇವುಗಳಲ್ಲಿ ಮುಖ್ಯ ಗೇರ್ ಲಿವರ್ ಪಕ್ಕ ಒಂದೋ ಎರಡೋ ಗಿಡ್ಡ ಲಿವರ್‌ಗಳಿರುತ್ತವೆ. ಗಾಡಿ ಅಪ್ಪನ ಕಾಲದ್ದಾದರೆ ಅವುಗಳ ತಲೆಯ ಮೇಲಿನ ಅಕ್ಷರ ಸವೆದು ಹೋಗಿರುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಲಿವರ್‌ಗಳ ಚಿತ್ರವಿದ್ದ ತಗಡಿನ ಫಲಕಕ್ಕೆ ಯಾರೋ ಬಣ್ಣ ಬಳಿದಿರುತ್ತಾರೆ, ಇಲ್ಲವೇ ಅದು ಕಿತ್ತು ಬಿದ್ದಿರುತ್ತದೆ. ಗಾಡಿ ಕೆಸರಲ್ಲಿ ಹೂತಾಗ ಮಾತ್ರ ಆ ಲಿವರ್ ನೆನಪಾಗುತ್ತದೆ. ಆಗ ಯಾವ ಕಡೆ ಎಳೆಯಬೇಕು ಎಂಬುದು ತಿಳಿಯದೆ, ಎಂಜಿನ್ ಅರಚುತ್ತಿರುವಾಗಲೇ ಕರಕರ ಎನ್ನಿಸಿ ತಳ್ಳುತ್ತಾರೆ. ಆ ಗಳಿಗೆಯಲ್ಲಿ ಒಳಗಿನ ಹಲ್ಲು ಮುರಿದರೆ ರಿಪೇರಿಗೆ ಕೈತುಂಬ ಹಣ ಬೇಕು. ಹಳೇ ಮಾದರಿಯಾದರೆ ಬಿಡಿಭಾಗಕ್ಕಾಗಿ ಅಂಗಡಿ ಅಂಗಡಿ ಅಲೆಯಬೇಕು.

ಒಳಗೆ ನಡೆಯುವುದೇನು?

ಟ್ರಾನ್ಸ್‌ಫರ್ ಬಾಕ್ಸ್ ಎಂದರೆ ಗೇರ್ ಬಾಕ್ಸಿನಿಂದ ಬಂದ ಶಕ್ತಿಯನ್ನು ಹಿಂದಿನ ಹೌಸಿಂಗಿಗೂ ಮುಂದಿನ ಹೌಸಿಂಗಿಗೂ (ಚಕ್ರಗಳ ಆಕ್ಸಲ್ ಕೂತ ಕವಚ) ಹಂಚುವ ಪೆಟ್ಟಿಗೆ. ಆ ಗಿಡ್ಡ ಲಿವರ್‌ಗಳು ನಡೆಸುವುದು ಇದನ್ನೇ. ಅದು ಎರಡು ಕೆಲಸ ಮಾಡುತ್ತದೆ. ಒಂದು, ಮುಂದಿನ ಚಕ್ರಗಳಿಗೆ ಶಕ್ತಿ ಕೊಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು. ಎರಡು, ಬಂದ ವೇಗವನ್ನು ಹಾಗೇ ಕಳಿಸಬೇಕೋ, ಇಳಿಸಿ ಎಳೆತ ಹೆಚ್ಚಿಸಿ ಕಳಿಸಬೇಕೋ ಎಂಬುದನ್ನು ನಿರ್ಧರಿಸುವುದು. ಲಿವರಿನ ಎಲ್ಲ ಸ್ಥಾನಗಳೂ ಈ ಎರಡು ಪ್ರಶ್ನೆಗಳಿಗೆ ಉತ್ತರ, ಅಷ್ಟೇ.

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಈ ಎರಡು ಪ್ರಶ್ನೆಗೆ ಎರಡು ಪ್ರತ್ಯೇಕ ಲಿವರ್ ಇದ್ದವು. ಅದರಲ್ಲಿದ್ದ ಸ್ಪೈಸರ್ 18 ಎಂಬ ಪೆಟ್ಟಿಗೆಯ ವಂಶವೇ ಮುಂದೆ ಮಹೀಂದ್ರ ಕಂಪನಿ ಭಾರತದಲ್ಲಿ ಕಟ್ಟಿದ ಸಿಜೆ-3ಬಿ ಜೀಪುಗಳಿಗೂ ಬಂತು. ಮುಖ್ಯ ಗೇರಿನ ಪಕ್ಕದ ಎರಡರಲ್ಲಿ ಒಂದು ಮುಂದಿನ ಹೌಸಿಂಗಿನದು. ಅದಕ್ಕೆ ‘ಇನ್’, ‘ಔಟ್’ ಎಂಬ ಎರಡೇ ಸ್ಥಾನ. ಇನ್ನೊಂದಕ್ಕೆ ‘ಹೈ’, ‘ನ್ಯೂಟ್ರಲ್’, ‘ಲೋ’ ಎಂಬ ಮೂರು ಸ್ಥಾನ. ಮುಂದಿನ ಹೌಸಿಂಗ್ ‘ಇನ್’ ಆಗದೆ ‘ಲೋ’ ಬೀಳದಂತೆ ಒಳಗೇ ಒಂದು ತಡೆ ಇಟ್ಟಿದ್ದಾರೆ. ಲೋ ಗೇರಿನ ಭಾರೀ ಎಳೆತ ಪೂರ್ತಿಯಾಗಿ ಹಿಂದಿನ ಹೌಸಿಂಗ್ ಒಂದರ ಮೇಲೇ ಬಿದ್ದರೆ ಕ್ರೌನ್, ಪಿನಿಯನ್, ಆಕ್ಸಲ್‌ಗಳಿಗೆ ಅಪಾಯ ಎಂಬುದು ಅದರ ಕಾರಣ. ಆದ್ದರಿಂದ ಲೋ ಬೀಳುತ್ತಿಲ್ಲ ಎಂದು ಬಲ ಹಾಕುವ ಮುನ್ನ ಪಕ್ಕದ ಲಿವರ್ ‘ಇನ್’ ಆಗಿದೆಯೇ ನೋಡಿ.

1985ರಲ್ಲಿ ಬಂದ ಜಿಪ್ಸಿಯಲ್ಲಿ ಎರಡೂ ಪ್ರಶ್ನೆಗೆ ಒಂದೇ ಲಿವರ್. ಸ್ಥಾನಗಳು ಸಾಲಾಗಿ 2ಎಚ್, 4ಎಚ್, ಎನ್, 4ಎಲ್ (ಅಂಕಿ ಎಳೆಯುವ ಚಕ್ರಗಳ ಸಂಖ್ಯೆ, ಎಚ್ ಎಂದರೆ ಹೈ, ಎಲ್ ಎಂದರೆ ಲೋ, ಎನ್ ಎಂದರೆ ನ್ಯೂಟ್ರಲ್). ಇದರ ಪೆಟ್ಟಿಗೆ ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಚಿಕ್ಕದೊಂದು ಶಾಫ್ಟ್ ಇದ್ದು, ಪೆಟ್ಟಿಗೆ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕೂತಿರುತ್ತದೆ. ಆ ರಬ್ಬರ್ ಸತ್ತರೆ ಲಿವರ್ ನಡುಗತೊಡಗುತ್ತದೆ, ಗೇರ್ ಕಳಚಿಕೊಳ್ಳುವುದೂ ಉಂಟು.

ಹಳೇ ಲ್ಯಾಂಡ್ ರೋವರ್ ಸೀರೀಸ್ ಗಾಡಿಗಳ ಕ್ರಮ ಇನ್ನೊಂದು ಬಗೆ. ಡಾರ್ಜಿಲಿಂಗ್ ಜಿಲ್ಲೆಯ ಮಾನೇಭಂಜಾಂಗ್‌ನಿಂದ ಸಂದಕ್‌ಫೂ ಬೆಟ್ಟಕ್ಕೆ ದಶಕಗಳಿಂದ ಜನರನ್ನು ಹೊತ್ತ ಗಾಡಿಗಳೆಂದು ಅವು ಹೆಸರಾಗಿವೆ. ಅವುಗಳಲ್ಲಿ ಹಳದಿ ತಲೆಯ ಗುಂಡಿ ಒತ್ತಿದರೆ ಹೈ ವೇಗದಲ್ಲೇ ನಾಲ್ಕು ಚಕ್ರ. ಕೆಂಪು ತಲೆಯ ಲಿವರ್ ಹಿಂದಕ್ಕೆಳೆದರೆ ಲೋ, ಜೊತೆಗೆ ನಾಲ್ಕು ಚಕ್ರವೂ ತಾನಾಗಿ ಸೇರಿಕೊಳ್ಳುತ್ತದೆ. ಹಳದಿ ಗುಂಡಿಯನ್ನು ಬಿಡಿಸಲು ಗಾಡಿ ನಿಲ್ಲಿಸಿ, ಕೆಂಪು ಲಿವರನ್ನು ಲೋಗೆ ಎಳೆದು ಮತ್ತೆ ಹೈಗೆ ತಳ್ಳಬೇಕು. ಬಣ್ಣ, ಜಾಗ, ಕ್ರಮ ಗಾಡಿಯಿಂದ ಗಾಡಿಗೆ ಬದಲಾಗುತ್ತದೆ. ಒಳಗಿನ ಎರಡು ಪ್ರಶ್ನೆಗಳು ಮಾತ್ರ ಅವೇ.

ಯಾವ ನೆಲಕ್ಕೆ ಯಾವ ಸ್ಥಾನ?

2ಎಚ್: ಮಾಲೂರಿನಿಂದ ಲಕ್ಕೂರಿನವರೆಗಿನ ಟಾರು ದಾರಿಗೂ ಊರೊಳಗಿನ ಸಿಮೆಂಟ್ ರಸ್ತೆಗೂ ಒಣಗಿದ ಗಟ್ಟಿ ಮಣ್ಣಿನ ಹಾದಿಗೂ ಇದೇ. ಹಿಂದಿನ ಚಕ್ರಗಳು ಮಾತ್ರ ತಳ್ಳುತ್ತವೆ. ವರ್ಷದ ಹೆಚ್ಚಿನ ದಿನ ಗಾಡಿ ಇರಬೇಕಾದ್ದು ಇಲ್ಲೇ.

4ಎಚ್: ಮಳೆಗೆ ನೆನೆದ ಕೆಂಪು ಮಣ್ಣು, ಒಣ ಹಳ್ಳದ ಸಡಿಲ ಮರಳು, ಹಸಿ ಹುಲ್ಲಿನ ಬದು, ಈಗತಾನೇ ಉತ್ತ ಹೊಲ. ವೇಗ ಮಾಮೂಲಿನದೇ, ಎಳೆತ ನಾಲ್ಕು ಚಕ್ರಕ್ಕೂ ಹಂಚಿಕೆಯಾಗುತ್ತದೆ. ಇದನ್ನು ಕೆಸರಿಗೆ ಇಳಿಯುವ ಮುನ್ನ ಹಾಕಬೇಕು. ಹಿಂದಿನ ಚಕ್ರ ಗುಂಡಿ ತೋಡಿ ಹೌಸಿಂಗ್ ನೆಲಕ್ಕೆ ತಗುಲಿದ ಮೇಲೆ ಹಾಕಿದರೆ ಅರ್ಧ ಪ್ರಯೋಜನವೂ ಇಲ್ಲ. ಒಂದು ಎಚ್ಚರ: ನಾಲ್ಕು ಚಕ್ರ ಹಾಕಿದರೆ ಗಾಡಿ ಹೊರಡುವುದು ಸುಲಭವಾಗುತ್ತದೆ, ನಿಲ್ಲುವುದಲ್ಲ. ಜಾರುವ ನೆಲದಲ್ಲಿ ಬ್ರೇಕು ಹಿಡಿಯುವ ದೂರ ಮೊದಲಿನಷ್ಟೇ ಇರುತ್ತದೆ.

4ಎಲ್: ಆಳದ ಗೋಡು, ಟೇಕಲ್ ಕಡೆಯ ಬಂಡೆಗಳ ನಡುವಿನಂಥ ಕಲ್ಲು ಹಾದಿ, ಕಡಿದಾದ ಏರು, ಅದಕ್ಕಿಂತ ಮುಖ್ಯವಾಗಿ ಕಡಿದಾದ ಇಳಿಜಾರು, ಹೂತ ಇನ್ನೊಂದು ಗಾಡಿಯನ್ನು ಎಳೆಯುವ ಕೆಲಸ. ಇಲ್ಲಿ ಲೆಕ್ಕ ನೋಡಿದರೆ ಲಿವರಿನ ಶಕ್ತಿ ಅರ್ಥವಾಗುತ್ತದೆ. ಸಿಜೆ-3ಬಿಯ ಮೊದಲ ಗೇರಿನ ಅನುಪಾತ 2.798, ಹೌಸಿಂಗಿನದು 5.38. ಹೈನಲ್ಲಿ ಎಂಜಿನ್ ಸುಮಾರು 15 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ಹೋಗುತ್ತದೆ. ಲೋಗೆ ಹಾಕಿದರೆ ಪೆಟ್ಟಿಗೆಯ 2.46 ಸೇರಿ ಅದು 37 ಸುತ್ತಾಗುತ್ತದೆ. ಎಂಜಿನ್ ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತಿದ್ದರೆ ಜೀಪು ಹೈನಲ್ಲಿ ಗಂಟೆಗೆ ಸುಮಾರು 9 ಕಿ.ಮೀ. ಹೋಗುವ ಕಡೆ, ಲೋನಲ್ಲಿ ಮೂರೂವರೆ ಕಿ.ಮೀ. ಹೋಗುತ್ತದೆ. ಪಕ್ಕದಲ್ಲಿ ನಡೆಯುವವರು ಮಾತಾಡುತ್ತಾ ಜೊತೆಗೇ ಬರಬಹುದು. ವೇಗ ಇಳಿದಷ್ಟೂ ಚಕ್ರದ ಎಳೆತ ಏರುತ್ತದೆ.

ಜಿಪ್ಸಿಯಲ್ಲಿ ಈ ಅಂತರ ಇಷ್ಟು ದೊಡ್ಡದಲ್ಲ. 1996ರಿಂದ ಬಂದ ಜಿಪ್ಸಿ ಕಿಂಗ್‌ನ ಪೆಟ್ಟಿಗೆ ಹೈನಲ್ಲೇ 1.409ರಷ್ಟು ವೇಗ ಇಳಿಸುತ್ತದೆ, ಲೋನಲ್ಲಿ 2.268ರಷ್ಟು. ಅಂದರೆ ಹೈಗಿಂತ ಲೋನಲ್ಲಿ ಎಳೆತ ಸುಮಾರು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಜೀಪಿನಿಂದ ಜಿಪ್ಸಿಗೆ ಬಂದವರು ಕಡಿದಾದ ಇಳಿಜಾರಿನಲ್ಲಿ ಈ ವ್ಯತ್ಯಾಸವನ್ನು ನೆನಪಿಟ್ಟಿರಬೇಕು.

ಇಳಿಯುವಾಗ 4ಎಲ್, ಮೊದಲ ಗೇರು, ಕ್ಲಚ್ಚಿನಿಂದ ಕಾಲು ದೂರ. ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ನಡುವೆ ಕ್ಲಚ್ ತುಳಿದರೆ ಆ ಹಿಡಿತ ತಪ್ಪಿ ಗಾಡಿ ಓಡತೊಡಗುತ್ತದೆ. ಮಡಿಕೇರಿ ಬಳಿಯ ಮಾಂದಲಪಟ್ಟಿಗೋ, ಕೆಮ್ಮಣ್ಣುಗುಂಡಿ ಸೀಮೆಯ ಹೆಬ್ಬೆ ಜಲಪಾತಕ್ಕೋ ಬಾಡಿಗೆ ಜೀಪಿನಲ್ಲಿ ಹೋದವರು ಮುಂದಿನ ಸೀಟಿನಲ್ಲಿ ಕೂತರೆ ಡ್ರೈವರ್ ಕಾಲನ್ನು ಗಮನಿಸಲಿ. ಅನುಭವಿಗಳ ಕಾಲು ಇಳಿಜಾರಿನಲ್ಲಿ ಸುಮ್ಮನಿರುತ್ತದೆ.

ಗೋಡಿನಲ್ಲಿ ಮಾತ್ರ ಮೊದಲ ಗೇರಿಗಿಂತ ಎರಡನೆಯದು ಮೇಲು. ಮೊದಲ ಗೇರಿನ ಎಳೆತ ಜಾಸ್ತಿಯಾಗಿ ಚಕ್ರ ಸುಮ್ಮನೆ ತಿರುಗಿ ಇನ್ನಷ್ಟು ಆಳ ತೋಡುತ್ತದೆ. ಆಕ್ಸಲೇಟರ್ ಏರಿಳಿಸದೆ ಒಂದೇ ಹದದಲ್ಲಿ ಹಿಡಿದು ದಾಟಬೇಕು. ಗೋಡು ಈಗ ಬೇಸಿಗೆಯಲ್ಲೂ ಎದುರಾಗಬಹುದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರ ಜಿಲ್ಲೆಯ ಅನೇಕ ಕೆರೆಗಳಿಗೆ ಹರಿಯುತ್ತಿದೆ. ಹಿಂದೆ ಬೇಸಿಗೆಯಲ್ಲಿ ಗಾಡಿ ಹೊಡೆದುಕೊಂಡು ಅಡ್ಡ ಹಾಯುತ್ತಿದ್ದ ಕೆರೆ ಅಂಗಳ ಈಗ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರಬಹುದು. ಇಳಿಯುವ ಮುನ್ನ ಒಂದು ಕೋಲು ಚುಚ್ಚಿ ನೋಡುವುದು ಲಿವರಿಗಿಂತ ಮೊದಲ ಕೆಲಸ.

ಎನ್, ಅಂದರೆ ನ್ಯೂಟ್ರಲ್: ಈ ಸ್ಥಾನ ಅಪಾಯಕಾರಿ, ಬಹಳ ಜನಕ್ಕೆ ಅದು ಗೊತ್ತಿಲ್ಲ. ಪೆಟ್ಟಿಗೆ ನ್ಯೂಟ್ರಲ್‌ನಲ್ಲಿದ್ದರೆ ಗೇರ್ ಬಾಕ್ಸಿಗೂ ಚಕ್ರಕ್ಕೂ ಸಂಬಂಧವೇ ಕಡಿದುಹೋಗುತ್ತದೆ. ಗಾಡಿಯನ್ನು ಮೊದಲ ಗೇರಿನಲ್ಲಿಟ್ಟು ಕೆರೆ ಏರಿಯ ಮೇಲೆ ನಿಲ್ಲಿಸಿ ಇಳಿದು ಹೋದರೂ ಅದು ಉರುಳಬಹುದು. ಹೈ, ಲೋ ಬದಲಿಸುವಾಗ ಲಿವರ್ ಅರ್ಧದಲ್ಲೇ ನಿಂತರೆ ಇದೇ ಆಗುವುದು. ಆದ್ದರಿಂದ ಇಳಿಜಾರಿನಲ್ಲಿ ಹೈ–ಲೋ ಬದಲಿಸುವ ಕೆಲಸ ಬೇಡ. ಮಟ್ಟಸ ನೆಲದಲ್ಲೇ ಮುಗಿಸಿಕೊಳ್ಳಿ. ಹಾಗಾದರೆ ಈ ಸ್ಥಾನ ಇರುವುದೇಕೆ? ಗಾಡಿ ನಿಂತಲ್ಲೇ ನಿಂತು ಎಂಜಿನ್ನಿನ ಶಕ್ತಿಯಿಂದ ವಿಂಚ್, ಪಂಪು ಓಡಿಸುವುದಕ್ಕೆ. ಯುದ್ಧ ಮುಗಿದು 1945ರಲ್ಲಿ ವಿಲ್ಲಿಸ್ ಕಂಪನಿ ಜೀಪನ್ನು ರೈತರಿಗೆ ಮಾರಲು ಹೊರಟಾಗ ಇದನ್ನೂ ದೊಡ್ಡ ಅನುಕೂಲವೆಂದು ಹೇಳಿಕೊಂಡಿತ್ತು.

ಟಾರಿನ ಮೇಲೆ ಬಂದ ಕೂಡಲೇ ತೆಗೆಯಿರಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದು: ಹಳೇ ಜೀಪು, ಜಿಪ್ಸಿಗಳಲ್ಲಿ ನಾಲ್ಕು ಚಕ್ರ ಹಾಕಿಕೊಂಡು ಟಾರು, ಸಿಮೆಂಟಿನ ಮೇಲೆ ಓಡಿಸಬಾರದು.

ಕಾರಣ ಸರಳ. ಗಾಡಿ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಸಿಜೆ-3ಬಿಯ ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ 80 ಇಂಚು, ಅಂದರೆ ಎರಡು ಮೀಟರಿಗೆ ಸ್ವಲ್ಪ ಹೆಚ್ಚು. ಹಿಂದಿನ ಹೌಸಿಂಗ್ ನಾಲ್ಕೂವರೆ ಮೀಟರ್ ತ್ರಿಜ್ಯದಲ್ಲಿ ಒಂದು ಪೂರ್ತಿ ಸುತ್ತು ಹಾಕಿದರೆ ಮುಂದಿನದು ಅದಕ್ಕಿಂತ ಸುಮಾರು 2.7 ಮೀಟರ್ ಜಾಸ್ತಿ ಓಡಬೇಕು. ಈಗಿನ ಕೆಲವು ಗಾಡಿಗಳಲ್ಲಿ ಈ ವ್ಯತ್ಯಾಸ ಸರಿದೂಗಿಸಲು ನಡುವೆ ಒಂದು ಡಿಫರೆನ್ಷಿಯಲ್ ಇರುತ್ತದೆ. ಹಳೆಯವುಗಳಲ್ಲಿ ಅದಿಲ್ಲ, ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್ ಎರಡೂ ಸಮಸಮ ತಿರುಗಲೇಬೇಕು. ಕೆಸರಲ್ಲಾದರೆ ಟೈರು ತುಸು ಜಾರಿ ಆ ವ್ಯತ್ಯಾಸ ಕಳೆಯುತ್ತದೆ. ಟಾರು ಟೈರನ್ನು ಜಾರಗೊಡುವುದಿಲ್ಲ. ಆಗ ಆ ಬಿಗಿತವೆಲ್ಲ ಶಾಫ್ಟ್, ಯುಜೆ ಕ್ರಾಸ್ (ಶಾಫ್ಟಿನ ಕೀಲು), ಪೆಟ್ಟಿಗೆಯ ಹಲ್ಲುಗಳ ಮೇಲೆ ಸೇರಿಕೊಳ್ಳುತ್ತದೆ. ಸ್ಟಿಯರಿಂಗ್ ಭಾರವಾಗುತ್ತದೆ, ತಿರುವಿನಲ್ಲಿ ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಮೊಂಡು ಬೀಳುತ್ತದೆ, ಕೊನೆಗೆ ಲಿವರ್ 2ಎಚ್‌ಗೆ ಬರುವುದೇ ಇಲ್ಲ.

ಹಾಗಾದಾಗ ಲಿವರಿಗೆ ಸುತ್ತಿಗೆ ಏಟು ಬೇಡ. ಸ್ಟಿಯರಿಂಗ್ ನೆಟ್ಟಗೆ ಹಿಡಿದು ಕೆಲವು ಮೀಟರ್ ರಿವರ್ಸ್ ಹೋಗಿ, ನಿಧಾನವಾಗಿ ಲಿವರ್ ಎಳೆದು ನೋಡಿ. ಬರದಿದ್ದರೆ ಒಂದು ಪಕ್ಕದ ಚಕ್ರಗಳನ್ನು ರಸ್ತೆ ಬದಿಯ ಸಡಿಲ ಮಣ್ಣಿಗೆ ಇಳಿಸಿ ನಾಲ್ಕು ಹೆಜ್ಜೆ ಓಡಿಸಿ. ಬಹುತೇಕ ಅಷ್ಟಕ್ಕೇ ಬಿಗಿತ ಬಿಟ್ಟುಕೊಡುತ್ತದೆ. ಕೊನೆಯ ಉಪಾಯ ಒಂದು ಚಕ್ರವನ್ನು ಜಾಕಿಯಿಂದ ಎತ್ತುವುದು. ಚಕ್ರ ನೆಲ ಬಿಟ್ಟ ಕ್ಷಣ ತಟ್ಟನೆ ತಿರುಗಬಹುದು. ಕೈ, ಬಟ್ಟೆ ಹತ್ತಿರ ಇರಬಾರದು.

ಇದೇ ಕಾರಣಕ್ಕೆ ನಾಲ್ಕೂ ಟೈರು ಒಂದೇ ಅಳತೆಯವಾಗಿರಬೇಕು. ಮುಂದೆ ಸವೆದವು, ಹಿಂದೆ ಹೊಸವು ಹಾಕಿಕೊಂಡರೆ ನೆಟ್ಟಗೆ ಹೋಗುವಾಗಲೂ ಬಿಗಿತ ಹುಟ್ಟುತ್ತದೆ.

ಹಾಕುವ ಕ್ರಮ

ಮೊದಲು ಹಬ್ ನೋಡಿ. ಕೆಲವು ಜೀಪು, ಜಿಪ್ಸಿಗಳ ಮುಂದಿನ ಚಕ್ರದ ನಡುವೆ ಕೈಯಲ್ಲಿ ತಿರುಗಿಸುವ ‘ಫ್ರೀ’, ‘ಲಾಕ್’ ಗುಂಡಿ ಇರುತ್ತದೆ. ಅದು ಫ್ರೀ ಇದ್ದರೆ ಒಳಗೆ ಲಿವರ್ ಹಾಕಿದರೂ ಮುಂದಿನ ಚಕ್ರಕ್ಕೆ ಶಕ್ತಿ ಮುಟ್ಟುವುದಿಲ್ಲ. ಹಬ್ ಫ್ರೀ ಇಟ್ಟುಕೊಂಡು 4ಎಲ್ ಹಾಕಿದರೆ ಲೋ ಗೇರಿನ ಪೂರ್ತಿ ಎಳೆತ ಹಿಂದಿನ ಹೌಸಿಂಗ್ ಮೇಲೇ ಬೀಳುತ್ತದೆ. ಕಂಪನಿಯವರು ತಡೆ ಇಟ್ಟದ್ದು ಯಾವುದಕ್ಕೋ ಅದೇ ಆಗುತ್ತದೆ. ಎರಡೂ ಬದಿಯ ಹಬ್ ಲಾಕ್ ಆಗಿರಲಿ. ಮಳೆಗಾಲದಲ್ಲಿ ದಿನಾ ಹೊಲಕ್ಕೆ ಹೋಗುವವರು ಬೆಳಿಗ್ಗೆ ಹೊರಡುವಾಗಲೇ ಲಾಕ್ ಮಾಡಿಕೊಂಡರೆ ಕೆಸರಿಗೆ ಇಳಿದು ಕೂರುವ ಪಾಡು ತಪ್ಪುತ್ತದೆ. ಲಿವರ್ 2ಎಚ್‌ನಲ್ಲಿ ಇರುವವರೆಗೆ ಲಾಕ್ ಆದ ಹಬ್‌ನಿಂದ ಟಾರಿನಲ್ಲಿ ಕೇಡಿಲ್ಲ.

2ಎಚ್‌ನಿಂದ 4ಎಚ್‌ಗೆ ಬರಲು ಗಾಡಿ ನಿಂತಿರಲಿ, ಇಲ್ಲವೇ ನಡಿಗೆಯ ವೇಗದಲ್ಲಿ ನೆಟ್ಟಗೆ ಹೋಗುತ್ತಿರಲಿ. ಕೆಲವು ಗಾಡಿಗಳ ಕೈಪಿಡಿ ಓಡುವಾಗಲೂ ಹಾಕಬಹುದು ಎನ್ನುತ್ತದೆ. ಆದರೆ ಮೂವತ್ತು ವರ್ಷ ಸವೆದ ಪೆಟ್ಟಿಗೆಗೆ ನಿಧಾನವೇ ಕ್ಷೇಮ. ಹಿಂದಿನ ಚಕ್ರ ಜಾರಿ ತಿರುಗುತ್ತಿರುವಾಗ ಮಾತ್ರ ಎಂದೂ ಹಾಕಬಾರದು, ಹಲ್ಲು ಮುರಿಯುವುದು ಆಗಲೇ.

4ಎಚ್‌ನಿಂದ 4ಎಲ್‌ಗೆ ಬರಲು ಗಾಡಿ ಪೂರ್ತಿ ನಿಲ್ಲಬೇಕು. ಕ್ಲಚ್ ತುಳಿದು, ಮುಖ್ಯ ಗೇರು ನ್ಯೂಟ್ರಲ್ ಮಾಡಿ, ಲಿವರನ್ನು ನಡುವಿನ ಎನ್‌ನಲ್ಲಿ ನಿಲ್ಲಿಸದೆ ಒಂದೇ ಎಳೆತಕ್ಕೆ ಸೇರಿಸಿ. ಕರಕರ ಎಂದರೆ ಬಿಟ್ಟುಬಿಡಿ. ಕ್ಲಚ್ ಒಮ್ಮೆ ಬಿಟ್ಟು ಮತ್ತೆ ತುಳಿದು, ಇಲ್ಲವೇ ಗಾಡಿಯನ್ನು ಅರ್ಧ ಅಡಿ ಸರಿಸಿ ಮತ್ತೆ ಯತ್ನಿಸಿ. ಹಲ್ಲಿಗೆ ಹಲ್ಲು ಎದುರಾಗಿ ನಿಂತದ್ದು ಅಷ್ಟು ಸರಿದರೆ ದಾರಿ ಬಿಡುತ್ತದೆ.

ನಾಲ್ಕು ಚಕ್ರ ಹಾಕಿದರೂ ಗಾಡಿ ನಿಲ್ಲುವ ಸಂದರ್ಭವೊಂದಿದೆ. ಮುಂದಿನ ಒಂದು ಚಕ್ರ, ಕರ್ಣದಲ್ಲಿ ಹಿಂದಿನ ಇನ್ನೊಂದು ಚಕ್ರ ನೆಲ ಬಿಟ್ಟರೆ ಅವೆರಡೇ ತಿರುಗುತ್ತವೆ, ಉಳಿದೆರಡು ಸುಮ್ಮನಿರುತ್ತವೆ. ಅದು ಲಿವರಿನ ದೋಷವಲ್ಲ, ಎರಡೂ ಹೌಸಿಂಗಿನ ಡಿಫರೆನ್ಷಿಯಲ್‌ನ ಸ್ವಭಾವ. ಆಗ ಆಕ್ಸಲೇಟರ್ ಒತ್ತುವುದು ಬಿಟ್ಟು, ತಿರುಗುವ ಚಕ್ರದ ಕೆಳಗೆ ಕಲ್ಲು, ಸೌದೆ ತುಂಬಬೇಕು.

ಕೊಳ್ಳುವ ಮುನ್ನ

ಹಳೇ ಜೀಪು ಕೊಳ್ಳುವವರು ಲಿವರ್ ಇದೆ ಎಂದ ಮಾತ್ರಕ್ಕೆ ನಂಬಬಾರದು. ಮಹೀಂದ್ರದ ಅನೇಕ ಮಾದರಿಗಳು ಎರಡು ಚಕ್ರದ ಎಳೆತದಲ್ಲೂ ಬಂದಿವೆ. ನಾಲ್ಕು ಚಕ್ರದ್ದೇ ಆದರೂ ಡೀಸೆಲ್ ಉಳಿಸಲೆಂದು ಮುಂದಿನ ಶಾಫ್ಟ್ ಬಿಚ್ಚಿ ಮನೆಯಲ್ಲಿ ಇಟ್ಟವರಿದ್ದಾರೆ. ಬಗ್ಗಿ ನೋಡಿ: ಮುಂದಿನ ಹೌಸಿಂಗಿನ ನಡುವೆ ಗುಂಡನೆಯ ಭಾಗವಿರಬೇಕು, ಅದಕ್ಕೆ ಪೆಟ್ಟಿಗೆಯಿಂದ ಬಂದ ಶಾಫ್ಟ್ ಸೇರಿರಬೇಕು.

ಆಮೇಲೆ ಒಂದು ಪರೀಕ್ಷೆ. ಮಟ್ಟಸ ನೆಲದಲ್ಲಿ ಎಂಜಿನ್ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಹಬ್ ಇದ್ದರೆ ಲಾಕ್ ಮಾಡಿ, ಮುಂದಿನ ಒಂದು ಚಕ್ರವನ್ನು ಜಾಕಿಯಲ್ಲಿ ಎತ್ತಿ. ಲಿವರ್ 2ಎಚ್‌ನಲ್ಲಿದ್ದಾಗ ಆ ಚಕ್ರ ಕೈಯಲ್ಲಿ ತಿರುಗಬೇಕು. 4ಎಚ್‌ಗೆ ಹಾಕಿದಾಗ ತಿರುಗಬಾರದು. ಸ್ವಲ್ಪ ಅಲುಗಿ ನಿಲ್ಲಬೇಕು. 4ಎಚ್‌ನಲ್ಲೂ ಸರಾಗ ತಿರುಗಿದರೆ ಹಬ್ ಕೆಟ್ಟಿದೆ, ಅಥವಾ ಶಾಫ್ಟ್ ಇಲ್ಲ, ಅಥವಾ ಒಳಗೆ ಏನೋ ಮುರಿದಿದೆ. ಅಕ್ಷರ ಸವೆದ ಲಿವರಿನ ಸ್ಥಾನಗಳನ್ನು ಗುರುತಿಸಲೂ ಇದೇ ದಾರಿ. ಹೈ, ಲೋ ಗುರುತಿಸಲು ಖಾಲಿ ಜಮೀನಿನಲ್ಲಿ ಮೊದಲ ಗೇರಿನಲ್ಲಿ ಓಡಿಸಿದರೆ ಸಾಕು. ವೇಗದ ವ್ಯತ್ಯಾಸ ತಾನೇ ಹೇಳುತ್ತದೆ.

ಗಾಡಿ ಕೈಗೆ ಬಂದ ಮೇಲೆ ಪೆಟ್ಟಿಗೆಯ ಗೇರ್ ಆಯಿಲ್ ಮಟ್ಟ ಆಗಾಗ ನೋಡಬೇಕು. ಸೀಲ್ ಸೋರುವುದು ಹಳೇ ಗಾಡಿಗಳ ಮಾಮೂಲು. ಕೆಳಗೆ ಹನಿ ಬಿದ್ದಿಲ್ಲ ಎಂದು ಸುಮ್ಮನಾಗದೆ ಪ್ಲಗ್ ಬಿಚ್ಚಿಯೇ ನೋಡಬೇಕು. ಕೋಡಿ ನೀರು ದಾಟಿದ ಮೇಲೆ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ, ತಕ್ಷಣ ಬದಲಿಸಬೇಕು. ತಿಂಗಳಿಗೊಮ್ಮೆಯಾದರೂ ಮಣ್ಣಿನ ಹಾದಿಯಲ್ಲಿ ಒಂದೆರಡು ಕಿ.ಮೀ. 4ಎಚ್‌ನಲ್ಲಿ ಓಡಿಸಿ. ವರ್ಷಗಟ್ಟಲೆ ಬಳಸದ ಲಿವರ್ ತುಕ್ಕು ಹಿಡಿದು ಕೂರುತ್ತದೆ, ಹಬ್ ಸದಾ ಫ್ರೀ ಇದ್ದರೆ ಮುಂದಿನ ಹೌಸಿಂಗಿನ ಭಾಗಗಳು ಆಯಿಲ್ ಮುಟ್ಟದೆ ಒಣಗುತ್ತವೆ.

ನಿಮ್ಮ ಗಾಡಿಯ ಸ್ಥಾನಗಳನ್ನು ಈ ವಾರವೇ ಪರೀಕ್ಷಿಸಿ, ಒಂದು ತಗಡಿನ ಚೂರಿನ ಮೇಲೆ ಲಿವರಿನ ಚಿತ್ರ ಬರೆದು ಡ್ಯಾಶ್‌ಬೋರ್ಡಿಗೆ ಹೊಡೆಸಿ. ‘ಟಾರಿನ ಮೇಲೆ 2ಎಚ್ ಮಾತ್ರ’ ಎಂದು ಕನ್ನಡದಲ್ಲೇ ಕೆಳಗೆ ಬರೆಸಿ. ಮನೆಯಲ್ಲಿ ಆ ಗಾಡಿ ಮುಟ್ಟುವ ಮಗ, ಮಗಳು, ಆಳು, ನೆಂಟರು ಎಲ್ಲರಿಗೂ ಒಮ್ಮೆ ಲಿವರ್ ಹಾಕಿ ತೆಗೆಯುವುದನ್ನು ಒಣ ಹೊಲದಲ್ಲಿ ಕಲಿಸಿ. ಮಳೆ ಹಿಡಿಯುವ ಮುನ್ನ ಇಷ್ಟು ಮಾಡಿಕೊಳ್ಳಿ.